ಅಮ್ಮ ಹೊರಗೆ ಹೋಗಿದ್ದಾಳೆ

ಜನವರಿ ೧೮

ಪ್ರೀತಿಯ ಪುಟ್ಟಕ್ಕ,

ಕ್ಷೇಮವಾಗಿ ತಲುಪಿದೆ. ಈ ಪತ್ರವನ್ನು ನೀನು ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತೀಯ, ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಾರೆ, ನಿಮ್ಮಪ್ಪ ಕೇಳಿಸಿಕೊಳ್ಳದವರ ಹಾಗೆ ತಟ್ಟೆ ನೋಡುತ್ತಾ ಒಂದಕ್ಷರವನ್ನೂ ಬಿಡುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅತ್ತೆಗೆ ನಮಸ್ಕಾರ. ಬೆನ್ನುನೋವಿನ ಎಣ್ಣೆ ಕಪಾಟಿನ ಮೇಲಿನ ಅರೆಯಲ್ಲಿದೆ.

ಊರು ಬಹಳ ಸಪ್ಪೆ. ಇಷ್ಟು ಸದ್ದಿಲ್ಲದ ಊರನ್ನು ನಾನು ನಮ್ಮ ದೇಶದಲ್ಲಿ ಕಂಡೇ ಇಲ್ಲ. ಬೆಳಗ್ಗೆ ಬೀದಿಯಲ್ಲಿ ನಡೆದರೆ ನನ್ನ ಬೂಟಿನ ಸದ್ದು ನನಗೇ ಕೇಳುತ್ತದೆ. ಬಸ್ಸಿನ ಚಾಲಕ ಹಾರನ್ ಹೊಡೆದದ್ದನ್ನು ಇನ್ನೂ ಕೇಳಿಲ್ಲ, ಅದು ಕೆಟ್ಟಿದೆಯೋ ಏನೋ. ನನ್ನ ಕೋಣೆ ಮೂರನೆಯ ಮಹಡಿಯಲ್ಲಿದೆ. ಒಂದು ಮಂಚ, ಒಂದು ಮೇಜು, ಒಂದು ಕಿಟಕಿ. ಕಿಟಕಿಯಿಂದ ನೋಡಿದರೆ ಬರೀ ಮರ, ಮರದಾಚೆ ಕೆರೆ, ಕೆರೆಯಾಚೆ ಗುಡ್ಡ. ಬೇರೆ ಏನೂ ಕಾಣುವುದಿಲ್ಲವಾದ್ದರಿಂದ ಅದನ್ನೇ ನೋಡುತ್ತಾ ಕೂರಬೇಕಾಗಿದೆ.

ತರಗತಿ ಶುರುವಾಯಿತು. ಮಕ್ಕಳಿಗೆ ನಾಲ್ಕು ಗೋಡೆಯ ಹೊರಗೆ ಪಾಠ ಮಾಡುವುದು ಹೇಗೆ ಎಂಬ ವಿಷಯಕ್ಕೆ ಒಂದು ವರ್ಷದ ಓದು ಎಂದು ನಾನು ಪಾಠ ಮಾಡುವ ನಮ್ಮ ಶಾಲೆಯವರು ಕಳಿಸುವಾಗ ಹೇಳಿದ್ದರಲ್ಲ, ಆ ಹೊರಗೆ ಎನ್ನುವುದನ್ನು ಇಲ್ಲಿಯವರು ತೀರಾ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಮೊದಲ ದಿನವೇ ಮೇಷ್ಟ್ರು ಬಾಗಿಲು ತೆಗೆದು ಎಲ್ಲರನ್ನೂ ಚಳಿಗೆ ಅಟ್ಟಿದರು. ನಲವತ್ತಾರು ವಯಸ್ಸಿನ ವಿದ್ಯಾರ್ಥಿನಿ ನಾನೊಬ್ಬಳೇ. ಉಳಿದವರು ನಿನ್ನ ಓರಗೆಯವರು. ನನ್ನ ಪಕ್ಕದಲ್ಲಿ ನಿಲ್ಲುವ ಹುಡುಗಿಯ ಕಾಲು ಎಷ್ಟು ಉದ್ದ ಎಂದರೆ ನಾನು ಅವಳಿಗೆ ಮನಸ್ಸಿನಲ್ಲೇ ಕೊಕ್ಕರೆ ಎಂದು ಹೆಸರಿಟ್ಟಿದ್ದೇನೆ.

ನಿಮ್ಮೆಲ್ಲರ ನೆನಪು ಬಹಳ. ಗಂಡ, ಮಗಳು, ಅತ್ತೆಯನ್ನು ಬಿಟ್ಟು ಈ ವಯಸ್ಸಿನಲ್ಲಿ ಓದುವುದಕ್ಕೆ ಹೊರಟಳಲ್ಲ ಎಂದು ಬೀದಿಯವರು ಆಡಿಕೊಂಡದ್ದು ಇಲ್ಲಿಯವರೆಗೂ ಕೇಳಿಸುತ್ತಿದೆ. ಬಿಸಿಲಿಗೆ ಹೋಗಬೇಡ.

ನಿನ್ನ ಅಮ್ಮ


ಫೆಬ್ರವರಿ ೯

ಅಮ್ಮ,

ಪತ್ರ ಓದಿ ಅಜ್ಜಿ ಕಣ್ಣು ಒರೆಸಿಕೊಂಡರು. "ಪಾಪ, ನೋಡೋಕೂ ಏನೂ ಇಲ್ವಂತೆ ಆ ಊರಲ್ಲಿ" ಅಂದರು. ನೀನು ಹೊರಟಾಗ ಮೂರು ದಿನ ಮುಖ ಊದಿಸಿಕೊಂಡು ಕೂತಿದ್ದವರು ಇವರೇನಾ ಅಂತ ನನಗೇ ಅನುಮಾನ ಬಂತು. "ಮಗಳು ಕಾಲೇಜಿಗೆ ಹೋಗೋ ಕಾಲಕ್ಕೆ ಅವ್ರಮ್ಮ ಚೀಲ ಹೆಗಲಿಗೇರಿಸ್ಕೊಂಡು ಹೊರಟ್ಳು" ಅಂತ ಹಾಲಿನವಳ ಹತ್ತಿರ ಹೇಳಿದ್ದು ಇದೇ ಬಾಯಿ.

ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯಾ? ಒದ್ದೆ ತಲೆಯಲ್ಲಿ ಆಚೆ ಹೋಗಬೇಡ. ಚಳಿ ಅಂತ ಊಟ ಬಿಡಬೇಡ. ಇದನ್ನೆಲ್ಲ ನಿನಗೆ ನಾನು ಬರೆಯುವ ಕಾಲ ಬಂತಲ್ಲ, ನಿಜ ಹೇಳಬೇಕೆಂದರೆ ಭಾರೀ ಮಜವಾಗಿದೆ.

ಇಲ್ಲಿ ನಮ್ಮ ಕಥೆ ಕೇಳಬೇಡ. ಅಡುಗೆ ಅಪ್ಪನ ಪಾಲಿಗೆ ಬಂದಿದೆ. ಕೈಗಡಿಯಾರ ರಿಪೇರಿ ಮಾಡುವವರ ಕೈಗೆ ಸೌಟು ಕೊಟ್ಟರೆ ಏನಾಗುತ್ತದೆ ಅಂತ ನೀನೇ ಊಹಿಸು. ಬೀನ್ಸನ್ನು ಒಂದೇ ಅಳತೆಗೆ ಕತ್ತರಿಸುತ್ತಾರೆ. ಒಂದು ಚೂರು ಉದ್ದವಾದರೆ ಬೇರೆ ಇಟ್ಟು ಕೊನೆಗೆ ಸರಿಮಾಡುತ್ತಾರೆ. ಮೊನ್ನೆ ಕಣ್ಣಿಗೆ ಸಿಕ್ಕಿಸುವ ಆ ಭೂತಗನ್ನಡಿಯನ್ನು ತೆಗೆಯುವುದು ಮರೆತು ಒಲೆಯ ಮುಂದೆ ನಿಂತಿದ್ದರು, ಸಾಸಿವೆ ಕಲ್ಲಿನಷ್ಟು ದಪ್ಪ ಕಂಡು ಬೆಚ್ಚಿಬಿದ್ದರಂತೆ. ಊಟ ಎಂಟೂವರೆಗೆ. ಬಾಯಿಗಿಡುವ ಹಾಗಿಲ್ಲ. ಅಜ್ಜಿ ಎರಡನೇ ಸಲ ಬಡಿಸಿಕೊಂಡರು, ಅದು ಬರೀ ಹಸಿವಿಗೆ.

ನೀನಿಲ್ಲದೆ ಮನೆ ಮನೆಯ ಹಾಗಿಲ್ಲ. ಈ ವಾಕ್ಯವನ್ನು ಬರೆದಿದ್ದೇನಾ ಅಂತ ಅಜ್ಜಿ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ.

ಪುಟ್ಟಕ್ಕ


ಮಾರ್ಚ್ ೨೩

ಪುಟ್ಟಕ್ಕ,

ನಿನ್ನ ಪತ್ರ ಓದಿ ಸಂಕಟವಾಯಿತು. ನಿಮ್ಮಪ್ಪ ಅಂಗಡಿಯಲ್ಲಿ ದಿನವಿಡೀ ಕತ್ತು ಬಗ್ಗಿಸಿ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವುದೆಂದರೇನು. ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟುಕೊಳ್ಳಲು ಹೇಳು.

ನನ್ನ ಪಾಡೂ ಹಾಗೇ ಇದೆ. ಮೇಷ್ಟ್ರು ಹೇಳಿದರೆಂದು ಗುಡ್ಡ ಹತ್ತಬೇಕಾಯಿತು. ನಾನು ಎಷ್ಟು ಬೇಡವೆಂದರೂ ಕೊಕ್ಕರೆ ಕೇಳಲಿಲ್ಲ, ಬೂಟಿನ ದಾರ ತಾನೇ ಬಿಗಿದು ಕಟ್ಟಿ ಎಳೆದುಕೊಂಡು ಹೋದಳು. ಅರ್ಧ ದಾರಿಯಲ್ಲಿ ಕೂತುಬಿಟ್ಟೆ. ಅವಳೂ ಪಕ್ಕದಲ್ಲಿ ಕೂತಳು. ಇಲ್ಲಿಯವರಿಗೆ ಅವಸರ ಎನ್ನುವುದೇ ಗೊತ್ತಿಲ್ಲ, ಅದೊಂದು ದೊಡ್ಡ ತೊಂದರೆ. ಅವಳೇನಾದರೂ ಗದರಿಸಿದ್ದರೆ ಅದನ್ನೇ ನೆಪಮಾಡಿ ಇಳಿದು ಬರುತ್ತಿದ್ದೆ. ಕೊನೆಗೆ ತುದಿಯವರೆಗೂ ಹೋಗುವುದಾಯಿತು. ಇಳಿಯೋಣ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಮಧ್ಯಾಹ್ನವೆಲ್ಲ ಬಂಡೆಯ ಮೇಲೆ ಮಲಗಿಕೊಳ್ಳಬೇಕಾಯಿತು. ಊರೆಲ್ಲ ಕಾಣುತ್ತಿತ್ತು. ಬಟ್ಟೆ ಒಣಹಾಕುತ್ತಿದ್ದ ಒಬ್ಬ ಹೆಂಗಸು ಬೆರಳಿನಷ್ಟು ಕಂಡಳು. ಗಾಳಿ ಬಂದಾಗ ಮರಗಳು ಒಟ್ಟಿಗೆ ತಲೆಯಾಡಿಸಿದವು. ಹೀಗೆಲ್ಲ ಹೊತ್ತು ಕಳೆಯುವುದು ಬಹಳ ಕಷ್ಟ.

ಈಗ ವಾರಕ್ಕೆರಡು ಸಲ ಈ ಹಿಂಸೆ ಇದೆ. ಬಲವಂತ ಮಾಡುವವರು ಸಿಗದ ವಾರ ನಾನೇ ಹೋಗಬೇಕಾಗುತ್ತದೆ, ಇಲ್ಲದಿದ್ದರೆ ಕಾಲು ಹಿಡಿದುಕೊಳ್ಳುತ್ತದೆ.

ಅಜ್ಜಿಗೆ ಹೇಳು, ಅವರ ನೆನಪಾಗದ ದಿನವಿಲ್ಲ.

ಅಮ್ಮ


ಏಪ್ರಿಲ್ ೧೪

ಅಮ್ಮ,

ನಿನ್ನ ಹಿಂಸೆ ಓದಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಜ್ಜಿ ತಟ್ಟೆ ಸರಿಸಿ ಕೂತರು. "ಮೆಟ್ಟಿಲು ಹತ್ತೋದಕ್ಕೇ ಗೋಡೆ ಹಿಡ್ಕೊಳ್ತಿದ್ದೋಳು. ಅವ್ಳನ್ನ ಗುಡ್ಡ ಹತ್ತಿಸ್ತಾರಲ್ಲ, ಅವ್ರಿಗೆ ಹೆಂಡ್ತಿ ಮಕ್ಳಿಲ್ವಾ" ಅಂತ ನಿಮ್ಮ ಮೇಷ್ಟ್ರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಅಪ್ಪ ಎದ್ದು ಹೋಗಿ ಸುಮ್ಮನೆ ಹಿತ್ತಲಲ್ಲಿ ನಿಂತರು. ನನಗೂ ಕೋಪ ಬಂತು. ಅಮ್ಮ, ನಿನಗೆ ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತ ಹೇಳು. ನನಗೆ ಹೇಳುತ್ತಿದ್ದೆಯಲ್ಲ, ಹಾಗೆ. ನಾನು ಸೈಕಲ್ ಕೇಳಿದಾಗ ಹೇಳಲಿಲ್ಲವೇ, ಮರ ಹತ್ತಿದಾಗ ಕಿರುಚಲಿಲ್ಲವೇ. ಅದೇ ದನಿಯಲ್ಲಿ ಒಂದು ಸಲ ಅವರ ಮುಂದೆ ಮಾತಾಡು, ಊರೇ ನಡುಗುತ್ತದೆ.

ಇಲ್ಲಿಯೂ ಎಲ್ಲ ಅಸ್ತವ್ಯಸ್ತ. ಅಜ್ಜಿ ಸೊರಗಿದ್ದಾರೆ. ಹಗಲು ಹೊತ್ತು ಮನೆಯಲ್ಲಿ ಕೂರಲಾಗದೆ ಎದುರುಮನೆಯವರ ಜೊತೆ ಎಲ್ಲೆಂದರಲ್ಲಿ ತಿರುಗಿ ಬರುತ್ತಾರೆ, ಮೊನ್ನೆ ಸಿನಿಮಾಕ್ಕೂ ಹೋಗಿದ್ದರು, ದುಃಖ ಮರೆಯುವುದಕ್ಕೆ. ಅಪ್ಪನ ಅಡುಗೆ ಹಾಗೇ ಇದೆ. ನಾನು ಹೇಗೋ ಇದ್ದೇನೆ. ಬೇಗ ಬಾ.

ಪುಟ್ಟಕ್ಕ


ಜೂನ್ ೬

ಪುಟ್ಟಕ್ಕ,

ಪತ್ರ ತಡವಾಯಿತು. ಪರೀಕ್ಷೆ ಇತ್ತು, ಆಮೇಲೆ ಬಿಸಿಲು ಬಂತು. ಇಲ್ಲಿ ಬಿಸಿಲು ಬಂದರೆ ಊರಿಗೆ ಊರೇ ಕೆರೆಯ ದಂಡೆಗೆ ಇಳಿಯುತ್ತದೆ. ಕೋಣೆಯಲ್ಲಿ ಒಬ್ಬಳೇ ಕೂತರೆ ಚೆನ್ನಾಗಿರುವುದಿಲ್ಲ ಎಂದು ನಾನೂ ಹೋಗುತ್ತೇನೆ, ದಂಡೆಯಲ್ಲಿ ಕೂರುತ್ತೇನೆ, ಬರುತ್ತೇನೆ. ಅಷ್ಟೆ.

ನನ್ನ ಕೈಗಡಿಯಾರ ನಿಂತಿದೆ. ಕೈ ತೊಳೆಯುವಾಗ ನೀರು ಹೋಗಿರಬೇಕು. ಇಲ್ಲಿ ಬೀದಿಯ ತುದಿಯಲ್ಲೇ ರಿಪೇರಿ ಅಂಗಡಿಯಿದೆ. ಬಾಗಿಲವರೆಗೂ ಹೋದೆ. ಆದರೆ ಮದುವೆಯಾದಾಗಿನಿಂದ ನಿಮ್ಮಪ್ಪನ ಹೊರತು ಇನ್ನೊಬ್ಬರು ನನ್ನ ಗಡಿಯಾರದ ಹಿಂಬದಿ ತೆರೆದಿಲ್ಲ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ, ಈ ಪತ್ರಕ್ಕಿಂತ ನಿಧಾನವಾಗಿ ಬರುತ್ತದಂತೆ. ಅವಸರವಿಲ್ಲ ಎಂದು ಹೇಳು. ಈ ಊರಿನಲ್ಲಿ ಗಡಿಯಾರ ಇಲ್ಲದೆಯೂ ನಡೆಯುತ್ತದೆ.

ಇನ್ನೊಂದು ಸುದ್ದಿ. ದೊಡ್ಡದೇನಲ್ಲ. ನಮ್ಮಲ್ಲಿ ಇಬ್ಬರಿಗೆ ಇನ್ನೊಂದು ವರ್ಷ ಓದು ಮುಂದುವರಿಸಲು ಅವಕಾಶ ಕೊಟ್ಟಿದ್ದಾರೆ. ಕೊಕ್ಕರೆ, ಮತ್ತೆ ನಾನು. ಕಾಡಿನ ಅಂಚಿನ ಒಂದು ಶಾಲೆಯಲ್ಲಿ ವರ್ಷವಿಡೀ ಮಕ್ಕಳ ಜೊತೆ ಹೊರಗೇ ಇದ್ದು ಪಾಠ ಮಾಡಬೇಕು. ಊಟ, ವಸತಿ, ಎಲ್ಲ ಅವರದೇ. ಜುಲೈ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಅಲ್ಲಿ ನಿಮ್ಮ ಪರಿಸ್ಥಿತಿ ಹಾಗಿರುವಾಗ ನಾನು ಇದನ್ನು ಯೋಚಿಸುವುದೂ ಸರಿಯಲ್ಲ. ಸುಮ್ಮನೆ ತಿಳಿಸಿದೆ. ನಿಮ್ಮಪ್ಪ ಏನೆನ್ನುತ್ತಾರೋ ಬರಿ.

ಅಮ್ಮ


ಜೂನ್ ೨೪

ಅಮ್ಮ,

ಏನೂ ಹೆದರಬೇಡ. ನಿನ್ನನ್ನು ಇನ್ನೊಂದು ವರ್ಷ ಅಲ್ಲಿ ಕೂಡಿಹಾಕಲು ನಾವು ಬಿಡುವುದಿಲ್ಲ. ನಿನ್ನ ಪತ್ರ ಓದಿದ ಮರುದಿನವೇ ಅಪ್ಪ ಅಂಗಡಿಗೆ ಬೀಗ ಹಾಕಿ ನಿನ್ನ ಶಾಲೆಗೆ ಹೋದರು. ಯಾರ ಹತ್ತಿರವೂ ಏನೂ ಕೇಳದ ಮನುಷ್ಯ ನಿಮ್ಮ ದೊಡ್ಡ ಮೇಡಂ ಎದುರು ನಿಂತು, "ಅವಳು ಬಹಳ ನೊಂದ್ಕೊಂಡಿದಾಳೆ, ಮುಗಿಸ್ಕೊಂಡು ಬಂದ ತಕ್ಷಣ ಕೆಲಸಕ್ಕೆ ಸೇರಿಸ್ಕೊಳ್ಳಿ" ಅಂದರಂತೆ. ಅವರು ಒಪ್ಪಿದ್ದಾರೆ. ಏಳನೇ ತರಗತಿ ನಿನಗೇ. ನೆಲಮಹಡಿಯ ಮೂಲೆ ಕೋಣೆ, ಗುಡ್ಡ ಗಿಡ್ಡ ಏನೂ ಇಲ್ಲ. ಫ್ಯಾನ್ ಕೂಡ ಹೊಸದಂತೆ.

ನಿನ್ನ ಮೇಷ್ಟ್ರಿಗೆ ಮುಲಾಜಿಲ್ಲದೆ ಬೇಡ ಅನ್ನು. ಅಪ್ಪ ಬಂದು ಕೂತವರು ನನ್ನನ್ನು ನೋಡಿ, "ಇಷ್ಟಾದ್ರೂ ಮಾಡೋಕಾಯ್ತಲ್ಲ" ಅಂದರು. ಎಷ್ಟು ಸಮಾಧಾನವಾಗಿತ್ತು ಗೊತ್ತಾ ಅವರ ಮುಖ.

ಗಡಿಯಾರ ಇನ್ನೂ ಬಂದಿಲ್ಲ.

ಪುಟ್ಟಕ್ಕ


ಜುಲೈ ೧೦

ಅಮ್ಮ,

ಈ ಪತ್ರವನ್ನು ನಾನು ಕಾಲೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಜ್ಜಿ ಇಲ್ಲ.

ನಿನ್ನೆ ಗಡಿಯಾರ ಬಂತು. ಅಪ್ಪ ಅಂಗಡಿಯಲ್ಲಿ ಬಿಚ್ಚಲಿಲ್ಲ, ಮನೆಗೆ ತಂದು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದರು. ತುಂಬ ಹೊತ್ತು ಬಗ್ಗಿದವರು ಮೇಲೆ ನೋಡಲಿಲ್ಲ. ಆಮೇಲೆ ಇಕ್ಕಳದ ತುದಿಯಲ್ಲಿ ಏನೋ ಎತ್ತಿ ಬಟ್ಟೆಯ ಮೇಲೆ ಇಟ್ಟರು. ಮರಳು. ಇನ್ನೊಂದು ಸಲ ಎತ್ತಿದರು, ಹಸಿರು ಪಾಚಿಯ ಒಂದು ಎಳೆ. ಬೆಲ್ಟಿನ ಮಡಿಕೆಯಲ್ಲೂ ಕೆರೆಯ ಕೆಸರು ಒಣಗಿ ಕೂತಿತ್ತು. "ಇದು ಕೈ ತೊಳೆಯುವಾಗ ಹೋಗೋ ನೀರಲ್ಲ. ಇಡೀ ಮೈಯೇ ನೀರೊಳಗೆ ಇದ್ದಾಗ ಹೋಗಿರೋದು" ಅಂದರು. ಪಾಚಿಯ ಎಳೆಯನ್ನು ಮತ್ತೆ ಬೆಳಕಿಗೆ ಹಿಡಿದು, "ನಿಮ್ಮಮ್ಮ ಈಜ್ತಿದಾಳೆ ಕಣೇ" ಅಂದರು. ಆಮೇಲೆ ನಗಲು ಶುರುಮಾಡಿದರು ನೋಡು, ಭೂತಗನ್ನಡಿ ಕಣ್ಣಿಂದ ಕಳಚಿ ಬಿತ್ತು. ಅಪ್ಪ ಇಷ್ಟು ನಕ್ಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆವು. ಮಧ್ಯಾಹ್ನವೆಲ್ಲ ಬಂಡೆಯ ಮೇಲೆ ಮಲಗಿಕೊಳ್ಳಬೇಕಾಯಿತಂತೆ. ನಾವೆಂಥ ಪೆದ್ದರು. ಅದೇ ಸಾಲಿಗೆ ಅಜ್ಜಿ ಊಟ ಬಿಟ್ಟಿದ್ದರು.

ಅಮ್ಮ, ನಿನ್ನ ಮೇಲೆ ಸಿಟ್ಟು ಬಂತು. ನೀನು ಅಲ್ಲಿ ಖುಷಿಯಾಗಿದ್ದೆ, ನಾವಿಲ್ಲಿ ನಿನಗಾಗಿ ಮರುಗುತ್ತಿದ್ದೆವು. ನನ್ನನ್ನು ಬಕೆಟ್ ನೀರಿನ ಹತ್ತಿರ ಬಿಡಲೂ ಹೆದರುತ್ತಿದ್ದ ನೀನು ಕೆರೆಗೆ ಇಳಿದೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಿಟ್ಟು ಮಾಡಿಕೊಳ್ಳಲು ನಮಗೆ ಮುಖವಿಲ್ಲ, ಯಾಕೆಂದರೆ ನಾವೂ ಅದೇ ಆಟ ಆಡಿದ್ದೇವೆ. ಮೊದಲ ಪತ್ರಕ್ಕೇ ಅಜ್ಜಿ ನನಗೆ ಕಟ್ಟಪ್ಪಣೆ ಮಾಡಿದ್ದರು. "ನಾವು ಚೆನ್ನಾಗಿದೀವಿ ಅಂತ ಬರೀಬೇಡ. ತಾನಿಲ್ದೆ ಮನೆ ಸಲೀಸಾಗಿ ನಡೀತಿದೆ ಅಂದ್ರೆ ಅವ್ಳಿಗೆ ಹೇಗಾಗ್ಬೇಡ" ಅಂದರು. ಅಪ್ಪನ ಅಡುಗೆ ಬಹಳ ರುಚಿಯಾಗಿದೆ ಅಮ್ಮ. ನಿನ್ನದಕ್ಕಿಂತ ಅನ್ನಲಾರೆ, ಅಜ್ಜಿ ಅನ್ನುತ್ತಾರೆ. ಅವರು ಸೊರಗಿಲ್ಲ, ಎದುರುಮನೆಯವರ ಜೊತೆ ತಿರುಗಿ ತಿರುಗಿ ಬೆನ್ನುನೋವನ್ನೇ ಮರೆತಿದ್ದಾರೆ. ನಾನು ಸೈಕಲ್ ಕಲಿತೆ. ಮೊಣಕಾಲು ಎರಡೂ ತರಚಿವೆ. ಅಪ್ಪನಿಗೆ ಗೊತ್ತು.

ಅಜ್ಜಿಗೆ ಈಜಿನ ವಿಷಯ ಹೇಳಿದಾಗ ಮೊದಲು, "ಮುಳುಗ್ಲಿಲ್ಲ ತಾನೆ?" ಅಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂತರು. ಇನ್ನೇನು ಬೈಗುಳ ಬರುತ್ತದೆ ಅಂತ ಕಾದೆವು. "ಇನ್ನೊಂದು ವರ್ಷ ಇರು ಅಂತಿದಾರಂತಲ್ಲ, ಇರ್ಲಿ ಬಿಡ್ರಿ. ಇಲ್ಲಿಗೆ ಬಂದ್ರೆ ಎಲ್ಲಿ ಈಜ್ತಾಳೆ, ನಮ್ಮ ನೀರಿನ ತೊಟ್ಟೀಲಾ?" ಅಂದರು.

ಅಪ್ಪ ಇಂದು ಬೆಳಗ್ಗೆ ಮತ್ತೆ ನಿನ್ನ ಶಾಲೆಗೆ ಹೋಗಿದ್ದಾರೆ, ಮೊದಲು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು. ದೊಡ್ಡ ಮೇಡಂ ಏನಂದುಕೊಳ್ಳುತ್ತಾರೋ. ಅಮ್ಮ, ದಯವಿಟ್ಟು ಬೇಡ ಅನ್ನಬೇಡ. ಈ ಪತ್ರ ಸಮಯಕ್ಕೆ ಸಿಗಲಿ.

ಪುಟ್ಟಕ್ಕ


ಜುಲೈ ೧೨

ಪುಟ್ಟಕ್ಕ,

ನಿನ್ನ ಜೂನ್ ಪತ್ರ ಸಿಕ್ಕಿತು. ನಿಮ್ಮಪ್ಪ ನನಗಾಗಿ ಶಾಲೆಯವರೆಗೂ ಹೋದರೆಂಬ ಸಾಲನ್ನು ಮತ್ತೆ ಮತ್ತೆ ಓದಿದೆ.

ಇಂದು ಮೇಷ್ಟ್ರಿಗೆ ಬೇಡವೆಂದು ಬರೆದು ಕೊಟ್ಟೆ. ಡಿಸೆಂಬರ್ ಕೊನೆಗೆ ಮನೆಗೆ ಬರುತ್ತೇನೆ. ಕೊಕ್ಕರೆ ಕಾರಣ ಕೇಳಿದಳು. ಮನೆಯಲ್ಲಿ ನಾನು ಬೇಕು ಎಂದೆ.

ಏಳನೇ ತರಗತಿ ಒಳ್ಳೆಯದೇ. ಮೂಲೆ ಕೋಣೆಯೂ ತಂಪಾಗಿರುತ್ತದೆ.

ಅಮ್ಮ


ಜುಲೈ ೨೭

ನನ್ನ ಮುದ್ದು ಪುಟ್ಟಕ್ಕ,

ನಿನ್ನ ಪತ್ರ ನಿನ್ನೆ ಬಂತು. ಅಂಚೆಪೆಟ್ಟಿಗೆಯ ಹತ್ತಿರ ನಿಂತೇ ಓದಿದೆ, ಆಮೇಲೆ ಮೆಟ್ಟಿಲ ಮೇಲೆ ಕೂತು ಓದಿದೆ. ಕೆಳಗಿನ ಮಹಡಿಯ ಮನೆಯೊಡತಿ ಬಂದು ನೋಡಿದರು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವರಿಗೆ ತಿಳಿಯಲಿಲ್ಲ. ಒಂದು ಲೋಟ ನೀರು ಕೊಟ್ಟು ಸದ್ದಿಲ್ಲದೆ ಒಳಗೆ ಹೋದರು.

ಮೊದಲು ನನಗೆ ಬಹಳ ನೋವಾಯಿತು ಕಣೇ. ಖುಷಿ ಆಮೇಲೆ. ನಾನಿಲ್ಲದಿದ್ದರೆ ಒಲೆಯೇ ಹೊತ್ತುವುದಿಲ್ಲ ಎಂದು ನಂಬಿಕೊಂಡು ಬಂದವಳು ನಾನು. ನಿಮ್ಮ ಕಷ್ಟದ ಸುದ್ದಿ ಬಂದಾಗೆಲ್ಲ ಸಂಕಟಪಡುತ್ತಿದ್ದೆ ನಿಜ. ಆದರೆ ನಾನು ಬೇಕು ಎಂಬ ಒಂದು ಹಿತವೂ ಅದರಲ್ಲಿತ್ತು. ಅದು ಒಂದೇ ಪತ್ರದಲ್ಲಿ ಹೋಯಿತು. ನನ್ನದಕ್ಕಿಂತ ರುಚಿ ಎಂದರಾ ಅತ್ತೆ? ಇರಲಿ, ಬಂದಮೇಲೆ ನೋಡಿಕೊಳ್ಳುತ್ತೇನೆ.

ಈಗ ನಿಜ ಬರೆಯುತ್ತೇನೆ. ನಾನಿಲ್ಲಿ ತುಂಬಾ ಖುಷಿಯಾಗಿದ್ದೇನೆ. ಮೇ ತಿಂಗಳಲ್ಲಿ ಕೊಕ್ಕರೆಯ ಕೈ ಹಿಡಿದು ಕೆರೆಗೆ ಇಳಿದೆ. ಮೂಗಿಗೆ, ಬಾಯಿಗೆ, ಕಿವಿಗೆ ನೀರು ಹೋಯಿತು. ಮೂರನೇ ವಾರ ಅವಳು ಕೈ ಬಿಟ್ಟದ್ದು ನನಗೆ ಗೊತ್ತಾಗಲೇ ಇಲ್ಲ. ಬೆಳಗ್ಗೆ ಬೇಗ ಹೋದರೆ ದಂಡೆಯಲ್ಲಿ ಯಾರೂ ಇರುವುದಿಲ್ಲ. ಬೆನ್ನ ಮೇಲೆ ತೇಲುತ್ತಾ ಆಕಾಶ ನೋಡುತ್ತೇನೆ. ಯಾರೂ ಕರೆಯುವುದಿಲ್ಲ, ಏನೂ ಉಕ್ಕಿ ಹೋಗುವುದಿಲ್ಲ. ಇಪ್ಪತ್ತು ವರ್ಷ ಶಾಲೆಯ ಬಾಗಿಲಲ್ಲಿ ನಿಂತು ಒಳಗೆ ಬನ್ನಿ ಒಳಗೆ ಬನ್ನಿ ಎಂದು ಮಕ್ಕಳನ್ನು ಕೂಗಿದವಳು ನಾನು. ಈಗ ಈ ಊರಿನ ಪುಟ್ಟ ಮಕ್ಕಳು ಕೆಸರಿನಲ್ಲಿ ಕೂತು ಎರೆಹುಳು ಅಳೆಯುವುದನ್ನು ನೋಡಿದರೆ ಅವರ ಪಕ್ಕ ಕೂತುಬಿಡೋಣ ಅನಿಸುತ್ತದೆ. ಕೂರುತ್ತೇನೆ ಕೂಡ. ಇದನ್ನೆಲ್ಲ ಮೊದಲೇ ಬರೆಯಲು ಹೆದರಿಕೆ ಇತ್ತು. ಮನೆ ಬಿಟ್ಟು ಬಂದ ಹೆಂಗಸು ಹಿಗ್ಗುತ್ತಿದ್ದಾಳೆ ಎಂದರೆ ಚೆಂದವೇ? ಅದಕ್ಕೇ ಒಂದೊಂದು ಸಂತೋಷಕ್ಕೂ ಒಂದೊಂದು ಗೊಣಗಾಟ ಸುತ್ತಿ ಕಳಿಸಿದೆ.

ಪತ್ರ ಓದಿದ ಮೇಲೆ ನೇರ ಮೇಷ್ಟ್ರ ಕೋಣೆಗೆ ಹೋದೆ. ನಾನು ಕೊಟ್ಟ ಊಹೂಂ ಅನ್ನು ಹಿಂದಕ್ಕೆ ಕೊಡಿ ಎಂದೆ. ಅವರು ತೀರ ನಿಧಾನದ ಮನುಷ್ಯ. ಕನ್ನಡಕ ಒರೆಸಿಕೊಂಡರು, ಕಿಟಕಿ ಮುಚ್ಚಿದರು. ಜಾಗ ಬೇರೆಯವರಿಗೆ ಕೊಡಬೇಕೆಂದು ಮೇಲಿನವರು ಅವಸರ ಮಾಡುತ್ತಿದ್ದಾರೆ ಎಂದರು. ನಾನು ಬಾಗಿಲ ಕಡೆ ತಿರುಗಿದೆ. ಆಮೇಲೆ ಹೇಳಿದರು, "ನೀವು ಬರೆದಿದ್ದನ್ನ ಓದಿದೆ. ಆದ್ರೆ ಹೊರಗೆ ನಿಮ್ಮನ್ನ ನೋಡಿದೀನಲ್ಲ, ಅದಕ್ಕೆ ನಂಬಲಿಲ್ಲ. ತಿಂಗಳು ಮುಗಿಯೋವರೆಗೂ ಯಾರಿಗೂ ಕೊಡಲ್ಲ ಅಂದಿದೀನಿ." ಅವರ ಭಾಷೆಯನ್ನು ನಮ್ಮ ಮಾತಿಗೆ ತಂದು ಬರೆದಿದ್ದೇನೆ, ಅರ್ಥ ಇಷ್ಟೇ.

ಹೂಂ ಎಂದೆ. ನಿಮ್ಮನ್ನು ಕೇಳಿ ಉತ್ತರಕ್ಕೆ ಕಾಯಲು ಸಮಯವಿರಲಿಲ್ಲ. ಇದ್ದಿದ್ದರೂ ಕೇಳುತ್ತಿರಲಿಲ್ಲ. ನನ್ನ ಬಗ್ಗೆ ನಾನೊಬ್ಬಳೇ ತೀರ್ಮಾನ ಮಾಡಿದ್ದು ಇದೇ ಮೊದಲು. ನೀನು ಡಿಗ್ರಿ ಮುಗಿಸುವ ದಿನ ನಾನು ಅಲ್ಲಿರುವುದಿಲ್ಲ. ಆದರೂ ಹೂಂ ಎಂದೆ. ನನ್ನ ಮೇಲೆ ಬೇಜಾರಾದರೆ ಬೇಜಾರು ಎಂದೇ ಬರಿ.

ಸೈಕಲ್ ಮೇಲೆ ಕೂತಾಗ ಮುಂದೆ ನೋಡು, ಚಕ್ರ ನೋಡಬೇಡ. ನಾನೂ ಇಲ್ಲಿ ಹಾಗೇ ಕಲಿತದ್ದು.

ಅಮ್ಮ


ಆಗಸ್ಟ್ ೧೮

ಅಮ್ಮ,

ನೀನು ಉಳಿಯುತ್ತೀಯ ಅಂತ ಓದಿದ ತಕ್ಷಣ ಅಪ್ಪ ನನ್ನ ಕೈಯಿಂದ ಪತ್ರ ತೆಗೆದುಕೊಂಡು ತಾವೇ ಇನ್ನೊಂದು ಸಲ ಓದಿದರು. ಅಜ್ಜಿ ಎದುರುಮನೆಗೆ ಹೋಗಿ, ನಮ್ಮ ಸೊಸೆಯನ್ನು ಅವರು ಬಿಡುತ್ತಲೇ ಇಲ್ಲವಂತೆ ಅಂತ ದೊಡ್ಡ ಗಂಟಲಲ್ಲಿ ಹೇಳಿ ಬಂದರು. ಅಡುಗೆಯ ಮಾತನ್ನು ಮಾತ್ರ ತಾವು ಆಡೇ ಇಲ್ಲ ಅನ್ನುತ್ತಿದ್ದಾರೆ. ನಾನೂ ಚಪ್ಪಾಳೆ ತಟ್ಟಿದೆ. ನಿನ್ನ ಪಾಲಿನ ಖುಷಿಯಲ್ಲಿ ನಮಗೂ ಒಂದು ಪಾಲು ಸಿಕ್ಕ ಹಾಗಿತ್ತು.

ಆಮೇಲೆ ಎರಡು ದಿನ ಕಳೆದು ಒಂದು ವಿಚಿತ್ರವಾಯಿತು. ಕಾಲೇಜಿಂದ ಬಂದು ಬಾಗಿಲು ತೆಗೆದೆ. ಮನೆಯಲ್ಲಿ ಯಾರೂ ಇರಲಿಲ್ಲ. ಚೀಲ ಇಟ್ಟು, ಅಭ್ಯಾಸಬಲದಿಂದ ಅಮ್ಮಾ ಅಂತ ಕೂಗಿದೆ. ಇಷ್ಟು ತಿಂಗಳಲ್ಲಿ ಒಂದು ದಿನವೂ ಹಾಗೆ ಕೂಗಿರಲಿಲ್ಲ. ಡಿಸೆಂಬರಿಗೆ ಬರುತ್ತೀಯಲ್ಲ ಅಂತ ಒಳಗೊಳಗೇ ಧೈರ್ಯವಿತ್ತೇನೋ. ಅಡುಗೆಮನೆಯಲ್ಲಿ ಹೋಗಿ ನಿಂತು ಚೆನ್ನಾಗಿ ಅತ್ತೆ. ಅಪ್ಪ ಬಂದು ನೋಡಿದರು. ಈರುಳ್ಳಿ ತಂದು ನನ್ನ ಮುಂದಿಟ್ಟು ತಾವೂ ಹೆಚ್ಚಲು ಕೂತರು. ಇಬ್ಬರ ಕಣ್ಣಲ್ಲೂ ನೀರು. ಅವರ ಚೂರುಗಳು ಅವತ್ತು ಒಂದರಂತೆ ಒಂದು ಇರಲಿಲ್ಲ.

ಬೇಜಾರಾದರೆ ಬರಿ ಅಂದೆಯಲ್ಲ, ಬರೆಯುತ್ತಿದ್ದೇನೆ. ಮೊದಲ ಪತ್ರದಲ್ಲೇ ನೀನಿಲ್ಲದೆ ಮನೆ ಮನೆಯ ಹಾಗಿಲ್ಲ ಅಂತ ಬರೆದೆ, ಅಜ್ಜಿ ಹೇಳಿದರು ಅಂತ ಬರೆದೆ. ಈಗ ಯಾರೂ ಹೇಳಿಲ್ಲ. ನೆನಪಾಗುತ್ತಿದೆ ಅಮ್ಮ, ತುಂಬಾ. ಆದರೆ ಇದನ್ನು ಓದಿ ಓಡಿ ಬಂದುಬಿಟ್ಟೀಯ. ಬರಬೇಡ. ಹೋಗಿ ಈಜು.

ಪುಟ್ಟಕ್ಕ